ಜಠರದ ಕ್ಯಾನ್ಸರ್: ರಕ್ತದಲ್ಲಿ ಗಡ್ಡೆಯ ಕೋಶಗಳು ‘ಸೊನ್ನೆ’ ಎಂದರೆ ಏನರ್ಥ?

ಪ್ರಶ್ನೆ:
ನಮ್ಮ ತಂದೆಯವರಿಗೆ ಜಠರದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ, ಕೀಮೋಥೆರಪಿಯೂ ಮುಗಿದಿದೆ. ರಕ್ತದಲ್ಲಿ ಅಲೆಯುವ ಗಡ್ಡೆಯ ಕೋಶಗಳನ್ನು ಎಣಿಸುವ ಸಿಟಿಸಿ ಪರೀಕ್ಷೆಯನ್ನು ಮಾಡಿಸಿದಾಗ ವರದಿಯಲ್ಲಿ ‘ಸೊನ್ನೆ’ ಎಂದು ಬಂದಿದ್ದು, ಮನೆಯವರೆಲ್ಲ ನಿರಾಳರಾಗಿದ್ದಾರೆ. ಇನ್ನು ಮುಂದೆ ಸಿಟಿ ಸ್ಕ್ಯಾನ್, ಎಂಡೋಸ್ಕೋಪಿಗಳ ಬದಲು ಇದನ್ನೇ ಆಗಾಗ ಮಾಡಿಸಿದರೆ ಸಾಲದೇ?

ಉತ್ತರ 1:
ಸಾಲದು. ಹೆಚ್ಚು ಬಳಕೆಯಲ್ಲಿರುವ ಸೆಲ್‌ಸರ್ಚ್ ವಿಧಾನದಲ್ಲಿ 7.5 ಮಿಲಿಲೀಟರ್ ರಕ್ತ ತೆಗೆದು, ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಮೈಮೇಲೆ ಹೊತ್ತ ಕೋಶಗಳನ್ನು ಕಾಂತೀಯ ಕಣಗಳ ನೆರವಿನಿಂದ ಸೆಳೆಯುತ್ತಾರೆ. ಸಾವಿರಾರು ಕೋಟಿ ರಕ್ತಕಣಗಳ ನಡುವೆ ಸಿಗುವುದು ಬೆರಳೆಣಿಕೆಯಷ್ಟು. ಹರಡುವ ಹಂತದಲ್ಲಿ ಕೆಲವು ಕೋಶಗಳು ಆ ಪ್ರೋಟೀನನ್ನೇ ಕಳಚಿಕೊಳ್ಳುವುದರಿಂದ ಬಲೆಗೆ ಬೀಳುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಜಠರದ ಕ್ಯಾನ್ಸರ್, ಅದರಲ್ಲೂ ಚದುರಿದಂತೆ ಬೆಳೆಯುವ ಡಿಫ್ಯೂಸ್ ಬಗೆಯದು, ರಕ್ತದ ಹಂಗಿಲ್ಲದೆ ಜಠರದ ಗೋಡೆಯನ್ನು ದಾಟಿ ನೇರವಾಗಿ ಹೊಟ್ಟೆಯ ಒಳಪೊರೆಗೆ ಉದುರಬಲ್ಲದು. ಅಂಥ ಹರಡುವಿಕೆ ಸ್ಕ್ಯಾನ್‌ಗೂ ಕೆಲವೊಮ್ಮೆ ಕಾಣದ ಕಾರಣಕ್ಕೇ ಶಸ್ತ್ರಚಿಕಿತ್ಸೆಗೆ ಮುನ್ನ ಲ್ಯಾಪರೋಸ್ಕೋಪಿ ಮಾಡಿ, ಹೊಟ್ಟೆಯೊಳಗೆ ದ್ರವ ಹಾಯಿಸಿ, ಹಿಂತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯಿದೆ. ಆದ್ದರಿಂದ ‘ಸೊನ್ನೆ’ ಎಂಬುದನ್ನು ಆ ಸೀಸೆಯಲ್ಲಿ ಸಿಗಲಿಲ್ಲ ಎಂದಷ್ಟೇ ಓದಿಕೊಳ್ಳಿ.

ಮರುಪ್ರಶ್ನೆ:
ಹಾಗಾದರೆ ಸಂಖ್ಯೆ ಏರಿದರೆ? ಆಗಲಾದರೂ ಔಷಧವನ್ನು ಬೇಗ ಬದಲಿಸಬಹುದಲ್ಲವೇ?

ಉತ್ತರ 2:
ತರ್ಕ ಸರಿಯೆನಿಸುತ್ತದೆ, ನನಗೂ ಹಿಂದೆ ಹಾಗೆಯೇ ಅನಿಸಿತ್ತು. ಸಂಖ್ಯೆ ಹೆಚ್ಚಿರುವವರಲ್ಲಿ ರೋಗದ ಗತಿ ಒಟ್ಟಾರೆ ಕೆಟ್ಟದಾಗಿರುತ್ತದೆ ಎಂಬುದನ್ನು ಜಠರದ ಕ್ಯಾನ್ಸರ್‌ನಲ್ಲೂ ಹಲವು ಅಧ್ಯಯನಗಳು ಕಂಡಿವೆ. ಆದರೆ ಮುನ್ಸೂಚನೆ ಬೇರೆ, ಅದನ್ನು ನೆಚ್ಚಿ ಚಿಕಿತ್ಸೆ ಬದಲಿಸಿ ಲಾಭ ಪಡೆಯುವುದು ಬೇರೆ. ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಇದನ್ನೇ ಪರೀಕ್ಷಿಸಿದ ಎಸ್0500 ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು: ಮೊದಲ ಸುತ್ತಿನ ಕೀಮೋ ನಂತರವೂ ಕೋಶಗಳ ಸಂಖ್ಯೆ ಇಳಿಯದವರಿಗೆ ಕೂಡಲೇ ಔಷಧ ಬದಲಿಸಿದರೂ ಆಯಸ್ಸು ಹೆಚ್ಚಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಸೆಲ್‌ಸರ್ಚ್‌ಗೆ ಮೊದಲು ಒಪ್ಪಿಗೆ ಕೊಟ್ಟದ್ದೂ ಆ ಕ್ಯಾನ್ಸರ್‌ಗೇ, ಜಠರದ್ದಕ್ಕಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಎಣಿಕೆಗಿಂತ ಕೋಶದ ಗುಣದಲ್ಲಿ. ಜಠರದ ಗಡ್ಡೆಯಲ್ಲಿ, ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಹರ್2 ಎಂಬ ಪ್ರೋಟೀನು ಒಂದು ಮೂಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದಾದ್ದರಿಂದ, ಬಯಾಪ್ಸಿಯ ಚೂರು ತಪ್ಪಿಸಿಕೊಂಡದ್ದನ್ನು ರಕ್ತದ ಕೋಶ ತೋರಬಹುದೇ ಎಂಬುದು ಸಂಶೋಧನೆಯಲ್ಲಿದೆ. ಹರ್2 ಅನ್ನೇ ಗುರಿಯಾಗಿಸುವ ಟ್ರಾಸ್ಟುಜುಮಾಬ್ ಔಷಧವನ್ನು ಕೊಡುವ ನಿರ್ಧಾರವಂತೂ ಇಂದಿಗೂ ಗಡ್ಡೆಯ ಚೂರಿನ ಪರೀಕ್ಷೆಯನ್ನೇ ಅವಲಂಬಿಸಿದೆ.

ಪ್ರಶ್ನೆ ಕೇಳಿದವರು:
ಮುಂದಿನ ಸ್ಕ್ಯಾನನ್ನು ರದ್ದು ಮಾಡುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ತಂದೆಯವರ ಹರ್2 ವರದಿ ಏನೆಂಬುದನ್ನು ನಾವು ಈವರೆಗೆ ಕೇಳಿಯೇ ಇರಲಿಲ್ಲ. ಈ ಸಲ ವೈದ್ಯರನ್ನು ಕೇಳುತ್ತೇವೆ.