ದಿನವಿಶೇಷದ ಫಲಕದಲ್ಲಿ ‘ಪುಣ್ಯತಿಥಿ’ ಎಂದು ಬರೆಯಬಹುದೇ?

ಬೆಳಗಾವಿ ಸೀಮೆಯ ಶಾಲೆ, ಗ್ರಂಥಾಲಯಗಳ ಫಲಕದಲ್ಲಿ ‘ಇಂದಿನ ದಿನವಿಶೇಷ’ ಎಂದು ಬರೆದು, ತಾರೀಖಿನ ಎದುರು ‘ಇಂಥವರ ಪುಣ್ಯತಿಥಿ’ ಎಂದು ಹಾಕುವ ರೂಢಿಯಿದೆ. ಮರಾಠಿಯ ಒಡನಾಟದಿಂದ ಈ ಪದ ನಮ್ಮ ಕಡೆ ಹೆಚ್ಚು ಬಳಕೆಯಲ್ಲಿದೆ. ಆದರೆ ತಿಥಿಯೇ ಬೇರೆ, ತಾರೀಖೇ ಬೇರೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹ ಬಿಟ್ಟದ್ದು 2023ರ ಜನವರಿ 2, ಪುಷ್ಯ ಶುದ್ಧ ಏಕಾದಶಿಯಂದು. ಅದೇ ತಿಥಿ 2024ರಲ್ಲಿ ಬಂದದ್ದು ಜನವರಿ 21ಕ್ಕೆ, 2025ರಲ್ಲಿ ಜನವರಿ 10ಕ್ಕೆ. ಚಾಂದ್ರ ವರ್ಷ ತಾರೀಖಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಆದ್ದರಿಂದ ತಿಥಿ ಹಿಂದೆ ಸರಿಯುತ್ತದೆ. ನಡುವೆ ಅಧಿಕಮಾಸ ಬಂದರೆ ಮುಂದಕ್ಕೆ ಜಿಗಿಯುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ 19 ದಿನಗಳ ಆ ಜಿಗಿತ. ಹಾಗಾಗಿ ಜನವರಿ 2ರ ಎದುರು ‘ಪುಣ್ಯಸ್ಮರಣೆ’ ಎನ್ನಬೇಕು. ‘ಪುಣ್ಯತಿಥಿ’ ಬೇಕೇ ಬೇಕೆಂದರೆ ಮಾಸ, ಪಕ್ಷ, ತಿಥಿ ಮೂರನ್ನೂ ಬರೆದು ಪಂಚಾಂಗ ನೋಡಿ ಹಾಕಬೇಕು. ವಿಜಯಪುರದ ದರ್ಗಾಗಳ ಉರುಸಿಗೆ ಹಿಜರಿ ಲೆಕ್ಕ. ಅದರಲ್ಲಿ ಅಧಿಕಮಾಸವೇ ಇಲ್ಲ, ಹೀಗಾಗಿ ದಿನ ಹಿಂದಕ್ಕೇ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತುತ್ತದೆ. ಹಳೆಯ ವರ್ಷದ ಪಟ್ಟಿಯನ್ನು ನಕಲು ಮಾಡುವವರು ಮೊದಲು ಎಡವುವುದು ಇಲ್ಲೇ.

ಜಯಂತಿಗೂ ಇದೇ ಕಟ್ಟಳೆ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ. ಅದಕ್ಕೆ ಕಾಯಂ ತಾರೀಖಿಲ್ಲ. ಶಿವಾಜಿ ಜಯಂತಿಯನ್ನು ಮಹಾರಾಷ್ಟ್ರ ಸರಕಾರ ಫೆಬ್ರವರಿ 19ಕ್ಕೆ ಆಚರಿಸಿದರೆ, ಬೆಳಗಾವಿಯ ಹಳೆಯ ರೂಢಿ ವೈಶಾಖ ಶುದ್ಧ ಬಿದಿಗೆ. ಎರಡನ್ನೂ ಬರೆಯುವುದಾದರೆ ‘ತಾರೀಖಿನಂತೆ’, ‘ತಿಥಿಯಂತೆ’ ಎಂದು ಜೊತೆಗೇ ಹೇಳಿಬಿಡುವುದು ಲೇಸು.

‘ಜಯಂತಿ’ ಹುಟ್ಟಿಗೆ ಸಲ್ಲುವ ಮಾತು. ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಜಯಂತಿಯೂ ಇದೆ, 1824ರಲ್ಲಿ ಕಿತ್ತೂರಿನ ಸೇನೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೊಂದು ಗೆದ್ದ ದಿನವೂ ಅದೇ. ‘ಕಿತ್ತೂರು ಜಯಂತಿ’ ಎಂದು ಎರಡನ್ನೂ ಕಲಸಬಾರದು; ಗೆಲುವಿಗೆ ‘ವಿಜಯೋತ್ಸವ’ ಎಂಬ ಗಟ್ಟಿ ಪದವಿದೆ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನಿಗೆ ‘ನಿಧನ’ ತೀರಾ ಸಪ್ಪೆ. ಹುತ ಎಂದರೆ ಆಹುತಿ ಕೊಟ್ಟದ್ದು. ‘ಹುತಾತ್ಮನಾದ ದಿನ’ ಎಂಬುದೇ ಅವನಿಗೆ ತಕ್ಕ ಮಾತು.

ಇನ್ನು ಸಂಖ್ಯೆ. ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಶುರುವಾದದ್ದು 1924ರ ಡಿಸೆಂಬರ್ 26ಕ್ಕೆ. 2024ರ ಅದೇ ದಿನ 100 ವರ್ಷ ತುಂಬಿ 101ನೇ ವರ್ಷ ಹಿಡಿಯಿತು. ‘100ನೇ ವರ್ಷ’ ನಡೆದದ್ದು ಅದರ ಹಿಂದಿನ 12 ತಿಂಗಳು. ಆದ್ದರಿಂದ ‘ಶತಮಾನೋತ್ಸವ’, ‘100 ವರ್ಷ ತುಂಬಿದ ದಿನ’ ಎರಡೂ ಸರಿ, ‘100ನೇ ವರ್ಷಕ್ಕೆ ಕಾಲಿಟ್ಟ ದಿನ’ ತಪ್ಪು. ಕಳೆಯುವ ಲೆಕ್ಕದಿಂದ ಬಂದ ಅಂಕಿ ತುಂಬಿದ ವರ್ಷಗಳದ್ದು. ನಡೆಯುತ್ತಿರುವ ವರ್ಷ ಬೇಕಾದರೆ ಅದಕ್ಕೆ ಒಂದು ಕೂಡಿಸಿ.