ತಂದೆತಾಯಿಯರೊಡನೆ ನ್ಯೂಯಾರ್ಕ್, ವಾಷಿಂಗ್ಟನ್, ಸ್ಯಾನ್ ಫ್ರಾನ್ಸಿಸ್ಕೊ: ಯಾವುದನ್ನು ಮೊದಲೇ ಕಾಯ್ದಿರಿಸಬೇಕು, ಯಾವುದನ್ನು ಬಿಡಬಹುದು?

ಪ್ರಶ್ನೆ (ಓಹಾಯೋದಿಂದ)

ಸೆಪ್ಟೆಂಬರ್ ಎರಡನೆಯ ವಾರದಲ್ಲಿ ನನ್ನ ತಂದೆತಾಯಿ ನಮ್ಮ ಮನೆಗೆ ಬರುತ್ತಿದ್ದಾರೆ. ನಾವಿರುವುದು ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ. ಕೆಲಸದ ನಿಮಿತ್ತ ಒಂದೆರಡು ಬಾರಿ ನ್ಯೂಯಾರ್ಕಿಗೆ ಹೋಗಿಬಂದದ್ದನ್ನು ಬಿಟ್ಟರೆ ಮಹಾನಗರಗಳ ಓಡಾಟ ನನಗೂ ಅಷ್ಟಾಗಿ ರೂಢಿಯಿಲ್ಲ. ಅವರಿಗೆ ನ್ಯೂಯಾರ್ಕ್‌ನಲ್ಲಿ ನಾಲ್ಕು ದಿನ, ವಾಷಿಂಗ್ಟನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಮೂರು ಮೂರು ದಿನ ಇದ್ದು ಮುಖ್ಯವಾದ ಸ್ಥಳಗಳನ್ನು ತೋರಿಸಬೇಕೆಂದು ಯೋಚಿಸಿದ್ದೇನೆ.

ತಂದೆಯವರಿಗೆ 72 ವರ್ಷ. ನಡಿಗೆಯಲ್ಲಿ ನನ್ನನ್ನೇ ಹಿಂದೆ ಹಾಕುತ್ತಾರೆ. ಸ್ವಾತಂತ್ರ್ಯದೇವಿಯ ಪ್ರತಿಮೆಯ ಕಿರೀಟದವರೆಗೂ ಹತ್ತಬೇಕೆಂದು ಈಗಲೇ ಹಟ ಹಿಡಿದಿದ್ದಾರೆ. ತಾಯಿಯವರಿಗೆ 67, ಮಂಡಿನೋವಿದೆ. ಸಮನೆಲದಲ್ಲಿ ಅರ್ಧ ಗಂಟೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಂಡ ಕೂಡಲೇ "ನೀವು ಹೋಗಿಬನ್ನಿ, ನಾನು ಇಲ್ಲೇ ಕುಳಿತಿರುತ್ತೇನೆ" ಎಂದುಬಿಡುತ್ತಾರೆ. ಅಷ್ಟು ದೂರದಿಂದ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ನಾವು ಸುತ್ತಾಡುವುದು ನನಗೆ ಸರಿಕಾಣುವುದಿಲ್ಲ.

ಯಾವ ಟಿಕೆಟ್‌ಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು? ಹಲವು ಸ್ಥಳಗಳನ್ನು ಒಟ್ಟುಗೂಡಿಸಿ ಮಾರುವ ಪಾಸ್‌ಗಳಿಂದ ನಿಜವಾಗಿಯೂ ಲಾಭವಿದೆಯೇ? ಎತ್ತರದ ಕಟ್ಟಡಗಳಲ್ಲಿ ಯಾವುದಾದರೂ ಒಂದನ್ನು ಹತ್ತಿದರೆ ಸಾಕೇ? ಹಿರಿಯರನ್ನು ಕರೆದೊಯ್ದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ನ್ಯೂಜೆರ್ಸಿಯಿಂದ)

ಮೊದಲು ನಿಮ್ಮ ತಂದೆಯವರ ಹಟದ ವಿಷಯ. ಕಿರೀಟದ ಟಿಕೆಟ್‌ಗಳ ಸಂಖ್ಯೆ ಬಹಳ ಕಡಿಮೆಯಾದ್ದರಿಂದ ಅವು ತಿಂಗಳುಗಳ ಮೊದಲೇ ಮುಗಿದುಹೋಗುತ್ತವೆ. ಬೇಕೇಬೇಕೆಂದಿದ್ದರೆ ಈ ದಿನವೇ ನೋಡಿ. ಪೀಠದ ಮೇಲಿನಿಂದ ಕಿರೀಟದವರೆಗೆ 162 ಮೆಟ್ಟಿಲುಗಳ ಕಿರಿದಾದ ಸುರುಳಿ ಏಣಿಯಿದೆ, ಲಿಫ್ಟ್ ಇಲ್ಲ. ನಾನು ಹತ್ತಿದ್ದೇನೆ. ಭುಜ ಎರಡೂ ಬದಿಗೆ ತಗಲುವಷ್ಟು ಇಕ್ಕಟ್ಟು, ಒಳಗೆ ಸೆಕೆ, ಮುಂದಿನವರು ನಿಂತರೆ ನಾವೂ ನಿಲ್ಲಬೇಕು, ಮೇಲೆ ತಲುಪಿದ ಮೇಲೆ ಸಣ್ಣ ಕಿಟಕಿಗಳಿಂದ ಬಂದರನ್ನು ಒಂದೆರಡು ನಿಮಿಷ ನೋಡಿ ಇಳಿಯಬೇಕು. ಹತ್ತಿದ್ದೇನೆಂದು ಹೇಳಿಕೊಳ್ಳುವ ಸಂತೋಷ ದೊಡ್ಡದು, ನೋಟ ಅಷ್ಟೇನೂ ದೊಡ್ಡದಲ್ಲ.

ಪೀಠದವರೆಗೆ ಲಿಫ್ಟ್ ಇರುವುದರಿಂದ ತಾಯಿಯವರಿಗೆ ಪೀಠದ ಟಿಕೆಟ್ ಸಾಕು. ಅದೂ ಸಿಗದಿದ್ದರೆ ಚಿಂತೆಯಿಲ್ಲ. 2019ರಲ್ಲಿ ಆ ದ್ವೀಪದಲ್ಲೇ ತೆರೆದ ವಸ್ತುಸಂಗ್ರಹಾಲಯದಲ್ಲಿ ಪ್ರತಿಮೆಯ ಕೈಯಲ್ಲಿ ಮೊದಲಿದ್ದ ಮೂಲ ಪಂಜನ್ನು ಇಟ್ಟಿದ್ದಾರೆ. ಅದಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ದೂರದಿಂದ ಬೆರಳಿನಷ್ಟೇ ಕಾಣುವ ಪಂಜು ಎದುರಿಗೆ ನಿಂತಾಗ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನನ್ನ ಅತ್ತೆಯವರು ಕಿರೀಟ ಹತ್ತಿಬಂದ ನಮಗಿಂತ ಹೆಚ್ಚು ಹೊತ್ತು ಅದರ ಮುಂದೆ ನಿಂತಿದ್ದರು.

ಅಲ್ಲಿಗೆ ಹೋಗುವ ದೋಣಿ ಮ್ಯಾನ್‌ಹಟನ್‌ನ ಬ್ಯಾಟರಿ ಪಾರ್ಕ್‌ನಿಂದಲೂ ನ್ಯೂಜೆರ್ಸಿಯ ಲಿಬರ್ಟಿ ಸ್ಟೇಟ್ ಪಾರ್ಕ್‌ನಿಂದಲೂ ಹೊರಡುತ್ತದೆ. ಸ್ಟ್ಯಾಚ್ಯೂ ಸಿಟಿ ಕ್ರೂಸಸ್ ಎಂಬ ದೋಣಿ ಕಂಪನಿಯೊಂದಕ್ಕೇ ದ್ವೀಪದಲ್ಲಿ ಇಳಿಸುವ ಅಧಿಕಾರವಿದೆ. ಬ್ಯಾಟರಿ ಪಾರ್ಕ್‌ನ ಸುತ್ತ ಬಣ್ಣದ ಜಾಕೆಟ್ ತೊಟ್ಟು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು "ಟಿಕೆಟ್, ಟಿಕೆಟ್" ಎಂದು ಎದುರಾಗುವವರನ್ನು ನಂಬಬೇಡಿ. ಅವರು ಮಾರುವುದು ಬಹುಮಟ್ಟಿಗೆ ಪ್ರತಿಮೆಯ ಮುಂದೆ ಹಾದುಹೋಗುವ, ದ್ವೀಪದಲ್ಲಿ ನಿಲ್ಲದ ದೋಣಿಯ ಟಿಕೆಟ್. ಮೊದಲ ವರ್ಷ ನಾನೇ ಹಾಗೆ ಮೋಸಹೋದೆ.

ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ. ಅದೇ ಟಿಕೆಟ್‌ನಲ್ಲಿ ಎಲ್ಲಿಸ್ ದ್ವೀಪವೂ ಸೇರಿದೆ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ವಲಸಿಗರು ಹಾದುಹೋದ ಕಟ್ಟಡ ಅದು, ಒಳಗೆ ಲಿಫ್ಟ್ ಇದೆ, ಕುಳಿತುಕೊಳ್ಳಲು ಜಾಗವಿದೆ. ಮಧ್ಯಾಹ್ನ ಹೊರಟರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ದೋಣಿ ಹತ್ತುವ ಮೊದಲು ವಿಮಾನ ನಿಲ್ದಾಣದಂತೆಯೇ ತಪಾಸಣೆ ನಡೆಯುತ್ತದೆ. ತಾಯಿಯವರ ಕೈಚೀಲದಲ್ಲಿ ಹಣ್ಣು ಹೆಚ್ಚುವ ಸಣ್ಣ ಚಾಕುವಿದ್ದರೆ ಮನೆಯಲ್ಲೇ ತೆಗೆದಿಡಿ.

ಇಷ್ಟೆಲ್ಲ ಬೇಡವೆನಿಸಿದರೆ ಸ್ಟೇಟನ್ ಐಲೆಂಡ್ ಫೆರಿ ಇದೆ. ಹಗಲೂ ರಾತ್ರಿ ಓಡುತ್ತದೆ, ಪೂರ್ತಿ ಉಚಿತ, ಒಂದು ಕಡೆಗೆ ಸುಮಾರು 25 ನಿಮಿಷ. ಮ್ಯಾನ್‌ಹಟನ್‌ನಿಂದ ಹೊರಡುವಾಗ ಬಲಗಡೆ ಕುಳಿತರೆ ಪ್ರತಿಮೆ ಕಾಣುತ್ತದೆ. ಅಲ್ಲಿಗೆ ಹೋಗಲು ಸಬ್‌ವೇ, ಅಂದರೆ ನೆಲದಡಿಯ ರೈಲು, ಹಿಡಿಯುವುದಾದರೆ ಸೌತ್ ಫೆರಿ ಅಥವಾ ಬೌಲಿಂಗ್ ಗ್ರೀನ್ ನಿಲ್ದಾಣದಲ್ಲಿ ಇಳಿಯಿರಿ. ಎರಡರಲ್ಲೂ ಲಿಫ್ಟ್ ಇದೆ. ನ್ಯೂಯಾರ್ಕ್‌ನ ಬಹಳಷ್ಟು ನಿಲ್ದಾಣಗಳಲ್ಲಿ ಮೆಟ್ಟಿಲುಗಳೇ ಗತಿ. ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ನಿಲ್ದಾಣಗಳನ್ನಷ್ಟೇ ನಂಬಿ, ಉಳಿದ ಕಡೆಗೆ ಬಸ್ಸು ಹಿಡಿಯಿರಿ.

ಉತ್ತರ 2 (ಮೇರಿಲ್ಯಾಂಡ್‌ನಿಂದ)

ವಾಷಿಂಗ್ಟನ್‌ಗೆ ಯಾವ ಪಾಸನ್ನೂ ಕೊಳ್ಳಬೇಡಿ. ಇಲ್ಲಿನ ಮುಖ್ಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವೇ ಇಲ್ಲ. ಇಲ್ಲಿ ಕೊಡಬೇಕಾದದ್ದು ಕಾಲಿನ ಶ್ರಮ. ಅಮೆರಿಕದ ಸಂಸತ್ತು ಕೂಡುವ ಕ್ಯಾಪಿಟಲ್ ಕಟ್ಟಡದಿಂದ ಲಿಂಕನ್ ಸ್ಮಾರಕದವರೆಗೆ ಹೆಚ್ಚುಕಡಿಮೆ ಎರಡು ಮೈಲಿ. ನಕ್ಷೆಯಲ್ಲಿ ಎಲ್ಲವೂ ಒಂದರ ಪಕ್ಕದಲ್ಲೊಂದು ಇರುವಂತೆ ಕಾಣುವುದರಿಂದ ಬಂದವರೆಲ್ಲ ಮೊದಲ ದಿನವೇ ಅಷ್ಟನ್ನೂ ನಡೆದು, ಎರಡನೆಯ ದಿನ ಹೋಟೆಲಿನಲ್ಲಿ ಕಾಲು ಚಾಚಿ ಮಲಗುತ್ತಾರೆ. ಹಳೆಯ ಪ್ರವಾಸಿ ಲೇಖನಗಳು ಸರ್ಕ್ಯುಲೇಟರ್ ಎಂಬ ಅಗ್ಗದ ಬಸ್ಸನ್ನು ಈಗಲೂ ಹೊಗಳುತ್ತಿವೆ; ಆ ಸೇವೆ 2024ರ ಕೊನೆಗೇ ನಿಂತುಹೋಯಿತು.

ವೈಮಾನಿಕ ಮತ್ತು ಬಾಹ್ಯಾಕಾಶ ಸಂಗ್ರಹಾಲಯಕ್ಕೂ ಆಫ್ರಿಕನ್ ಅಮೆರಿಕನ್ ಇತಿಹಾಸದ ಸಂಗ್ರಹಾಲಯಕ್ಕೂ ಸಮಯ ನಮೂದಿಸಿದ ಉಚಿತ ಪಾಸ್ ಬೇಕಾಗುವುದರಿಂದ, ಹೊರಡುವ ಮೊದಲು ಅವುಗಳ ಜಾಲತಾಣ ನೋಡಿ ಪಡೆದುಕೊಳ್ಳಿ. ಪ್ರಕೃತಿ ಇತಿಹಾಸ ಸಂಗ್ರಹಾಲಯಕ್ಕೆ ನೇರವಾಗಿ ಹೋಗಬಹುದು. ತಾಯಿಯವರು ಒಪ್ಪಿದರೆ ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ. ಈ ಸಂಗ್ರಹಾಲಯಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ, ಮೊದಲು ಬಂದವರಿಗೆ ಮೊದಲು. ನನ್ನ ತಾಯಿ ಮೊದಲು "ನಾನೇನು ರೋಗಿಯೇ?" ಎಂದು ಮುನಿಸಿಕೊಂಡರು. ಒಂದು ಗಂಟೆಯ ನಂತರ ಎಡಕ್ಕೆ ತಿರುಗಿಸು, ಹತ್ತಿರಕ್ಕೆ ತಳ್ಳು ಎಂದು ನನಗೇ ಆಜ್ಞೆ ಮಾಡುತ್ತಿದ್ದರು.

ವಾಷಿಂಗ್ಟನ್ ಸ್ಮಾರಕಸ್ತಂಭ 555 ಅಡಿ ಎತ್ತರವಿದ್ದರೂ ಮೇಲಕ್ಕೆ ಲಿಫ್ಟ್ ಇದೆ. ಆನ್‌ಲೈನ್‌ನಲ್ಲಿ ಕಾಯ್ದಿರಿಸಿದರೆ ತಲೆಗೆ ಒಂದು ಡಾಲರ್ ಸೇವಾಶುಲ್ಕ. ಅದೇ ದಿನದ ಟಿಕೆಟ್ ಉಚಿತವಾಗಿ ಬೇಕೆಂದರೆ 15ನೇ ಬೀದಿಯ ಕಡೆಯ ಕಚೇರಿಯ ಮುಂದೆ ಬೆಳಗ್ಗೆ ಬೇಗನೆ ಸಾಲಿನಲ್ಲಿ ನಿಲ್ಲಬೇಕು. ಒಂದು ಡಾಲರ್ ಉಳಿಸಲು ಹಿರಿಯರನ್ನು ಸಾಲಿನಲ್ಲಿ ನಿಲ್ಲಿಸಬೇಡಿ. ಕೆಳಗೆ ನಿಂತು ನೋಡುವಾಗ ಮೂರನೇ ಒಂದು ಭಾಗದ ಮೇಲೆ ಕಲ್ಲಿನ ಬಣ್ಣ ಬದಲಾಗಿರುವುದನ್ನು ತಂದೆಯವರಿಗೆ ತೋರಿಸಿ. 1848ರಲ್ಲಿ ಆರಂಭವಾದ ಕೆಲಸ ನಡುವೆ ಎರಡು ದಶಕಕ್ಕೂ ಹೆಚ್ಚು ಕಾಲ ನಿಂತು, ಮತ್ತೆ ಬೇರೆ ಗಣಿಯ ಅಮೃತಶಿಲೆಯಿಂದ ಮುಂದುವರಿದು 1884ರಲ್ಲಿ ಮುಗಿದದ್ದರ ಗುರುತು ಅದು.

ಕ್ಯಾಪಿಟಲ್ ಒಳಗಿನ ಮಾರ್ಗದರ್ಶಿತ ಭೇಟಿಯೂ ಉಚಿತ, ಮೊದಲೇ ಕಾಯ್ದಿರಿಸುವುದು ಮೇಲು. ಅಲ್ಲಿಗೆ ತಿಂಡಿಯನ್ನಾಗಲಿ ನೀರನ್ನಾಗಲಿ ಬಿಡುವುದಿಲ್ಲ. ಖಾಲಿ ಬಾಟಲಿ ಒಯ್ದು ಒಳಗೆ ತುಂಬಿಸಿಕೊಳ್ಳಬಹುದು. ಮಾತ್ರೆಗಳನ್ನು ನುಂಗುವ ಸಮಯವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಲಿಂಕನ್ ಸ್ಮಾರಕ ಇಡೀ ರಾತ್ರಿ ತೆರೆದಿರುತ್ತದೆ. ಅದನ್ನು ಕತ್ತಲಾದ ಮೇಲೆ ಕಾರಿನಲ್ಲಿ ಹೋಗಿ ನೋಡಿ.

ಉತ್ತರ 3 (ನ್ಯೂಯಾರ್ಕ್‌ನ ಕ್ವೀನ್ಸ್‌ನಿಂದ)

ಪಾಸ್‌ಗಳ ಬಗ್ಗೆ ನಿಮ್ಮ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲ. ಪಾಸ್‌ನ ಲೆಕ್ಕಾಚಾರವೆಲ್ಲ ನಿಂತಿರುವುದು ನೀವು ದಿನಕ್ಕೆ ಮೂರು ಸ್ಥಳ ಓಡಾಡುವಿರಿ ಎಂಬ ನಂಬಿಕೆಯ ಮೇಲೆ. ಮಂಡಿನೋವಿರುವ ಹಿರಿಯರೊಡನೆ ಬೆಳಗ್ಗೆ ಒಂದು, ಊಟ ಮತ್ತು ವಿಶ್ರಾಂತಿಯ ನಂತರ ಇನ್ನೊಂದು ಸಣ್ಣದು, ಅಷ್ಟೇ ಆಗುವುದು. ಆ ವೇಗದಲ್ಲಿ ದಿನಗಳ ಲೆಕ್ಕದ ಪಾಸ್ ನಷ್ಟ. ಇಂತಿಷ್ಟು ಸ್ಥಳ ಎಂಬ ಲೆಕ್ಕದ ಪಾಸ್ ಕೆಲವೊಮ್ಮೆ ಸರಿಹೋಗುತ್ತದೆ. ಪ್ರತಿಮೆಯ ಕಿರೀಟ ಸಾಮಾನ್ಯವಾಗಿ ಪಾಸ್‌ಗಳಲ್ಲಿ ಸೇರಿರುವುದಿಲ್ಲ, ಮತ್ತು ಪಾಸ್ ಇದ್ದರೂ ಹಲವು ಕಡೆ ಸಮಯವನ್ನು ಬೇರೆಯಾಗಿ ಕಾಯ್ದಿರಿಸಲೇಬೇಕು.

ಕಟ್ಟಡಗಳಲ್ಲಿ ಒಂದು ಸಾಕು. 1931ರಲ್ಲಿ ತೆರೆದ ಎಂಪೈರ್ ಸ್ಟೇಟ್ ಕಟ್ಟಡದ 86ನೇ ಮಹಡಿಯಲ್ಲಿ ಗಾಳಿಗೆ ಮುಖವೊಡ್ಡಿ ಹೊರಗೆ ನಿಲ್ಲಬಹುದು, ಗಾಜಿನ ಹಿಂದಿನಿಂದಲ್ಲ. ನನ್ನ ಮತ ಅದಕ್ಕೆ. ಅದರ ಮೇಲಿನ 102ನೇ ಮಹಡಿಗೆ ಹೆಚ್ಚುವರಿ ಹಣ ಕೊಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಸೂರ್ಯಾಸ್ತದ ಹೊತ್ತು ಎಲ್ಲರೂ ಬಯಸುವ ಹೊತ್ತಾದ್ದರಿಂದ ಆಗ ಜನಸಂದಣಿ ವಿಪರೀತ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ತಾಯಿಯವರು ಕಟಕಟೆಯ ಪಕ್ಕದಲ್ಲೇ ಆರಾಮವಾಗಿ ನಿಂತು ನೋಡಬಹುದು.

ಇನ್ನೊಂದು ಮಾತು. ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿ ಮನಸ್ಸಿಗೆ ಬಂದಷ್ಟು ಕೊಟ್ಟು ಒಳಹೋಗಬಹುದೆಂದು ಈಗಲೂ ಹಲವರು ಹೇಳುತ್ತಾರೆ. ಆ ಅನುಕೂಲ ಈಗ ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ಮತ್ತು ಸುತ್ತಲಿನ ಕೆಲವು ವಿದ್ಯಾರ್ಥಿಗಳಿಗೆ ಮಾತ್ರ. ಬುಧವಾರ ರಜೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಿರೀಟದ ಟಿಕೆಟ್ ನಮ್ಮ ದಿನಗಳಿಗೆ ಒಂದೂ ಉಳಿದಿಲ್ಲ. ಪೀಠದ್ದು ನಾಲ್ಕು ಸಿಕ್ಕಿವೆ. ಮೂಲ ಪಂಜಿನ ವಿಷಯ ಹೇಳಿ ತಂದೆಯವರನ್ನು ಸಮಾಧಾನಪಡಿಸಿದ್ದೇನೆ. ಇನ್ನು ಉಳಿದಿರುವುದು ಸ್ಯಾನ್ ಫ್ರಾನ್ಸಿಸ್ಕೊ. ಆಲ್ಕಟ್ರಾಜ್ ದ್ವೀಪದ ಏರು ಬಹಳ ಕಡಿದಾಗಿದೆಯೆಂದು ಕೇಳಿದ್ದೇನೆ. ತಾಯಿಯವರಿಗೆ ಅದು ಸಾಧ್ಯವೇ, ಅಥವಾ ಕೈಬಿಡಬೇಕೇ?

ಉತ್ತರ 4 (ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಿಂದ)

ಕೈಬಿಡಬೇಡಿ. ದೋಣಿ ಇಳಿದ ಜಾಗದಿಂದ ಜೈಲಿನ ಕಟ್ಟಡದವರೆಗೆ ಕಾಲು ಮೈಲಿಯಲ್ಲಿ 130 ಅಡಿಯಷ್ಟು ಏರಬೇಕೆಂಬುದು ನಿಜ. ಹದಿಮೂರು ಮಹಡಿ ಹತ್ತಿದಷ್ಟು. ಆದರೆ ಹತ್ತಲಾಗದವರಿಗೆಂದೇ ವಿದ್ಯುತ್ ಚಾಲಿತ ಸಣ್ಣ ಬಂಡಿಯಿದೆ. ಅದು ಆಗಾಗ ಮಾತ್ರ ಹೊರಡುವುದರಿಂದ ಪಿಯರ್ 33 ಎಂಬ ದೋಣಿಕಟ್ಟೆಯಲ್ಲಿ ದೋಣಿ ಹತ್ತುವಾಗಲೇ ಸಿಬ್ಬಂದಿಗೆ ತಿಳಿಸಿ, ಇಳಿದ ಕೂಡಲೇ ನೇರವಾಗಿ ಅಲ್ಲಿಗೆ ಹೋಗಿ. ತಾಯಿಯವರ ಜೊತೆ ಒಬ್ಬರು ಬಂಡಿಯಲ್ಲಿ ಹೋಗಲಿ, ತಂದೆಯವರು ನಡೆದು ತಮ್ಮ ಹಟ ತೀರಿಸಿಕೊಳ್ಳಲಿ. 1934ರಿಂದ 1963ರವರೆಗೆ ಸೆರೆಮನೆಯಾಗಿದ್ದ ಆ ಕಟ್ಟಡದೊಳಗೆ, ಅಲ್ಲಿದ್ದ ಕೈದಿಗಳು ಮತ್ತು ಕಾವಲುಗಾರರ ದನಿಯಲ್ಲೇ ವಿವರಣೆ ಕೇಳುತ್ತ ಮುಕ್ಕಾಲು ಗಂಟೆ ನಿಧಾನವಾಗಿ ಸುತ್ತಬಹುದು. ಟಿಕೆಟ್ ವಾರಗಳ ಮೊದಲೇ ಮುಗಿಯುತ್ತದೆ; ಅಲ್ಕಟ್ರಾಜ್ ಸಿಟಿ ಕ್ರೂಸಸ್ ಬಿಟ್ಟು ಬೇರೆಯವರು ತೋರಿಸುವ ದುಬಾರಿ ಜೋಡಿ ಟಿಕೆಟ್‌ಗಳ ಗೊಡವೆಗೆ ಹೋಗಬೇಡಿ.

ಬೀದಿಯ ಹಳಿಗಳ ಮೇಲೆ ಓಡುವ ಇಲ್ಲಿನ ಕೇಬಲ್ ಕಾರ್‌ನ ಮೆಟ್ಟಿಲು ಎತ್ತರವಾಗಿದೆ, ಪೊವೆಲ್ ಬೀದಿಯ ತುದಿಯಲ್ಲಿ ಸಾಲು ಉದ್ದವಾಗಿರುತ್ತದೆ. ತಂದೆಯವರಿಗೆ ಬೇಕೆನಿಸಿದರೆ ಸಾಲು ಚಿಕ್ಕದಾಗಿರುವ ಕ್ಯಾಲಿಫೋರ್ನಿಯಾ ಬೀದಿಯ ಗಾಡಿಯಲ್ಲಿ ಒಂದು ಸುತ್ತು ಹಾಕಿಸಿ. ತಾಯಿಯವರಿಗೆ ಕಡಲತಡಿಯಲ್ಲೇ ಸಾಗುವ ಎಫ್ ಮಾರ್ಗದ ಹಳೆಯ ಟ್ರಾಮ್ ಹೆಚ್ಚು ಹಿತ, ದರವೂ ಕಡಿಮೆ. ಅದೇ ಟ್ರಾಮ್ ಪಿಯರ್ 33ರ ಬಳಿ ನಿಂತು ಪಿಯರ್ 39ರ ಕಡಲ ಸಿಂಹಗಳತ್ತ ಮುಂದುವರಿಯುತ್ತದೆ. ಬೇಸಿಗೆಯ ನಡುವೆ ಅವುಗಳಲ್ಲಿ ಬಹಳಷ್ಟು ದಕ್ಷಿಣಕ್ಕೆ ಹೊರಟುಹೋಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಮರಳಿ ಬರತೊಡಗುತ್ತವೆ.

ನೀವು ಆರಿಸಿಕೊಂಡ ತಿಂಗಳು ಒಳ್ಳೆಯದು. ಜುಲೈ, ಆಗಸ್ಟ್‌ಗಳಲ್ಲಿ ಗೋಲ್ಡನ್ ಗೇಟ್ ಸೇತುವೆ ಎಷ್ಟೋ ದಿನ ಮಂಜಿನೊಳಗೇ ಮುಳುಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ತಿಳಿಯಾಗಿ ಕಾಣುವ ಸಂಭವ ಹೆಚ್ಚು. ಆದರೂ ಇಬ್ಬರಿಗೂ ದಪ್ಪ ಸ್ವೆಟರ್ ಇರಲಿ, ದೋಣಿಯ ಮೇಲೆ ಗಾಳಿ ಕೊರೆಯುತ್ತದೆ. ಕಾರು ಬಾಡಿಗೆಗೆ ತೆಗೆದುಕೊಂಡರೆ ಸೇತುವೆಯ ಮೇಲೆ ನಗದು ಸುಂಕ ಪಡೆಯುವವರು ಇಲ್ಲ, ಎಲ್ಲವೂ ಎಲೆಕ್ಟ್ರಾನಿಕ್. ದಕ್ಷಿಣಕ್ಕೆ, ಅಂದರೆ ನಗರದ ಕಡೆಗೆ ಬರುವಾಗ ಮಾತ್ರ ಸುಂಕ. ನೋಟದ ತಾಣಗಳಲ್ಲಿ ಕಾರು ನಿಲ್ಲಿಸಿ ಇಳಿಯುವಾಗ ಸೀಟಿನ ಮೇಲೆ ಖಾಲಿ ಚೀಲವನ್ನೂ ಬಿಡಬೇಡಿ. ಕಳೆದ ವರ್ಷ ನಮ್ಮ ಅತಿಥಿಗಳ ಕಾರಿನ ಗಾಜು ಒಡೆದು ಕದ್ದೊಯ್ದ ಚೀಲದಲ್ಲಿ ಇದ್ದದ್ದು ಎರಡು ಕಿತ್ತಳೆ ಹಣ್ಣು ಮತ್ತು ಒಂದು ಶಾಲು. ಗಾಜು ಹಾಕಿಸಲು ಆ ದಿನವೆಲ್ಲ ಹೋಯಿತು.