ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಊಟದ ಪ್ರಮಾಣ ಹೆಚ್ಚುತ್ತಿದೆ, ಇದು ಸಹಜವೇ?

ಪ್ರಶ್ನೆ:
ತೂಕ ಇಳಿಸಲು ಜಠರವನ್ನು ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ನನಗೆ ಆಗಿ ಏಳು ತಿಂಗಳಾಯಿತು. ಮೊದಲು ನಾಲ್ಕು ಚಮಚಕ್ಕೇ ಸಾಕೆನಿಸುತ್ತಿದ್ದದ್ದು, ಈಗ ಸಣ್ಣ ಬಟ್ಟಲು ತುಂಬ ಸೇರುತ್ತಿದೆ. ದಿನಕ್ಕೆ ಸುಮಾರು 1,000 ಕ್ಯಾಲೊರಿ ಆಗುತ್ತಿದೆ. ಜಠರ ಮತ್ತೆ ಹಿಗ್ಗಿತೇ ಎಂಬ ಭಯ ಕಾಡುತ್ತಿದೆ.

ಉತ್ತರ 1:
ಗಾಬರಿಯಾಗಬೇಡಿ. ಈ ಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆಯುತ್ತಾರೆ. ಉಳಿದ ಭಾಗದ ಬಾವು ಇಳಿದು ಗಾಯ ಮಾಗುತ್ತಿದ್ದಂತೆ ಊಟದ ಪ್ರಮಾಣ ನಿಧಾನವಾಗಿ ಹೆಚ್ಚುವುದು ನಿರೀಕ್ಷಿತವೇ. ಕ್ಯಾಲೊರಿಗಿಂತ ಮೊದಲು ಪ್ರೋಟೀನಿನ ಲೆಕ್ಕವಿಡಿ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆನ್ನುತ್ತಾರೆ, ಆದ್ದರಿಂದ ತಟ್ಟೆಯಲ್ಲಿ ಅದನ್ನೇ ಮೊದಲು ಮುಗಿಸಿ.

ಉತ್ತರ 2:
ಬಟ್ಟಲಿಗಿಂತ ಲೋಟದ ಮೇಲೆ ಕಣ್ಣಿಡಿ. ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಿದ್ದರೂ ನನ್ನ ತೂಕ ಎರಡು ತಿಂಗಳು ಕದಲಲಿಲ್ಲ. ಕೊನೆಗೆ ನೋಡಿದರೆ, ಕೆಲಸದ ಮೇಜಿನ ಮೇಲಿಟ್ಟುಕೊಂಡು ದಿನವಿಡೀ ಗುಟುಕರಿಸುತ್ತಿದ್ದ ಹಣ್ಣಿನ ರಸವೇ ಕಾರಣವಾಗಿತ್ತು. ದ್ರವವೂ ಐಸ್‌ಕ್ರೀಮಿನಂಥ ಮೆತ್ತನೆಯ ತಿನಿಸೂ ಹೊಟ್ಟೆ ತುಂಬಿಸದೆ ಜಾರಿಹೋಗುತ್ತವೆ. ಊಟವಾದ ಮೇಲೆ ಅರ್ಧ ಗಂಟೆ ನೀರನ್ನೂ ಕುಡಿಯಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ದಿನಕ್ಕೆ ಮೂರು ಬಾರಿ ಕುಡಿಯುವ ಸಕ್ಕರೆ ಹಾಕಿದ ಕಾಫಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.